ಹಳೇ ಪ್ರೆಸ್ಸು, ಗುಲಗಂಜಿ ತೂಕ: ಮನೆಯಲ್ಲೇ ತೋಟಾ ತುಂಬಿದ ನನ್ನ ಅನುಭವ

ಖಾಲಿ ಕೇಸಿಗೆ, ಅಂದರೆ ಹೊಡೆದ ತೋಟಾದ ಹಿತ್ತಾಳೆ ಕವಚಕ್ಕೆ, ಮತ್ತೆ ಮದ್ದು ಬುಲೆಟ್ ತುಂಬುವ ಪ್ರೆಸ್ಸು ತಗೋತೀನಿ ಅಂದಾಗ ಶೂಟಿಂಗ್ ರೇಂಜಿನಲ್ಲಿ ಪಕ್ಕದ ಬೆಂಚಿನವರೆಲ್ಲ ಒಂದೇ ಮಾತು ಹೇಳಿದ್ದರು. "ಸಿಂಗಲ್ ಸ್ಟೇಜ್ ಪ್ರೆಸ್ಸಾ? ಗಂಟೆಗೆ ಐವತ್ತು ತೋಟಾ ಆಗಲ್ಲ. ಪ್ರೊಗ್ರೆಸಿವ್ ತಗೋ." ಸಿಂಗಲ್ ಸ್ಟೇಜ್ ಅಂದರೆ ಒಂದು ಎಳೆತಕ್ಕೆ ಒಂದೇ ಕೆಲಸ, ಪ್ರೊಗ್ರೆಸಿವ್ ಅಂದರೆ ಒಂದೇ ಎಳೆತಕ್ಕೆ ಹಲವು. ಹೋದ ಶನಿವಾರ ಅದೇ ಬೆಂಚಿನಲ್ಲಿ ಕೂತು 100 ಗಜಕ್ಕೆ ಐದು ಈಡು ಹೊಡೆದೆ. ಐದೂ ಮುಕ್ಕಾಲು ಇಂಚಿನೊಳಗೆ ಬಿದ್ದವು. ಅಂಗಡಿಯ ತೋಟಾ ಹಾಕಿದರೆ ನನ್ನ .308 ರೈಫಲ್ ಒಂದೂಕಾಲು ಇಂಚಿನ ಕೆಳಗೆ ಇಳಿದದ್ದೇ ಇಲ್ಲ. ಗುರಿಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ. ಯಾರೂ ಕೇಳದಿದ್ದರೂ ಇಬ್ಬರಿಗೆ ತೋರಿಸಿದೆ ಅನ್ನೋದು ನಿಜ.

ನಾನಿರುವುದು ಹ್ಯೂಸ್ಟನ್ ಹತ್ತಿರ, ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಅಜ್ಜ ಕೇಪಿನ ಕೋವಿಗೆ ಮಸಿ (ಕರಿಮದ್ದು) ಸುರಿದು, ತೆಂಗಿನ ಕತ್ತ ತುರುಕಿ, ಗಜದ ಕೋಲಿನಲ್ಲಿ ಗುದ್ದುವುದನ್ನು ನೋಡಿ ಬೆಳೆದವನು. ಅವರ ಅಳತೆಯೆಲ್ಲ ಅಂಗೈಯಲ್ಲೇ. ಇಲ್ಲಿನ ಹೊಗೆಯಿಲ್ಲದ ಮದ್ದಿಗೆ ಆ ಧೈರ್ಯ ತೋರಿಸಿದರೆ ಬೆರಳು ಉಳಿಯಲ್ಲ. ಅಮೆರಿಕದಲ್ಲಿ ಸ್ವಂತಕ್ಕೆ ತೋಟಾ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರಲು ಬೇಕು. ಊರಲ್ಲಿ ಪರವಾನಗಿ ಇಲ್ಲದೆ ಕೈ ಹಾಕಿದರೆ ನೇರ ಜೈಲು. ಅಲ್ಲಿನವರು ಇದನ್ನು ಓದಿ ಸುಮ್ಮನಿರಿ.

ನಿಜ ಹೇಳಬೇಕೆಂದರೆ ಮೊದಲು ನಾನೂ ಅವರ ಮಾತು ಕೇಳಿದ್ದೆ. ಸೆಕೆಂಡ್ ಹ್ಯಾಂಡ್ ಪ್ರೊಗ್ರೆಸಿವ್ ಒಂದನ್ನು ಸುಮಾರು 450 ಡಾಲರಿಗೆ ತಂದು 9 ಎಂಎಂ ಪಿಸ್ತೂಲಿನ ತೋಟಾ ತುಂಬಲು ಕೂತೆ. ಹಿಡಿಕೆ ಒಮ್ಮೆ ಎಳೆದರೆ ನಾಲ್ಕು ಕಡೆ ನಾಲ್ಕು ಕೆಲಸ. ಅನುಭವ ಇದ್ದವರಿಗೆ ಅದು ಸಂಗೀತ. ನನಗೆ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಕೇಪು, ಸಿಕ್ಕಿಕೊಂಡಿತು. ಅದನ್ನು ಬಿಡಿಸುವ ಗಡಿಬಿಡಿಯಲ್ಲಿ ಒಂದು ಕೇಸ್ ಮದ್ದಿಲ್ಲದೆ ಮುಂದಕ್ಕೆ ಹೋಯಿತು. ಅದು ಗೊತ್ತಾದದ್ದು ರೇಂಜಿನಲ್ಲಿ. 'ಢಂ' ಅನ್ನಬೇಕಾದದ್ದು 'ಪುಸ್' ಅಂದಿತು. ಬುಲೆಟ್ ಬ್ಯಾರೆಲ್ ಮಧ್ಯೆ ಕೂತಿತ್ತು. ಅದರ ಹಿಂದೆ ಇನ್ನೊಂದು ಹೊಡೆದಿದ್ದರೆ ಈ ಬರಹ ಇರುತ್ತಿರಲಿಲ್ಲ. ಮನೆಗೆ ಬಂದು ಹಿತ್ತಾಳೆ ಸರಳಿನಿಂದ ಹೊಡೆದು ತೆಗೆದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು, ಏನೂ ಅನ್ನಲಿಲ್ಲ. ಅದೇ ಜಾಸ್ತಿ ಹೆದರಿಕೆ. ಮುಂದಿನ ವಾರ ಪ್ರೆಸ್ಸನ್ನು 300ಕ್ಕೆ ಮಾರಿದೆ. 150 ಡಾಲರ್ ನೀರಿಗೆ ಹೋಯಿತು.

ಆಮೇಲೆ ಒಂದು ಎಸ್ಟೇಟ್ ಸೇಲಿನಲ್ಲಿ (ಮನೆ ಸಾಮಾನೆಲ್ಲ ಮಾರುವ ಕಡೆ) ಹಳೇ ಸಿಂಗಲ್ ಸ್ಟೇಜ್ ಪ್ರೆಸ್ಸು, ಆರ್‌ಸಿಬಿಎಸ್ ಕಂಪನಿಯ ರಾಕ್ ಚಕ್ಕರ್, ಕಣ್ಣಿಗೆ ಬಿತ್ತು. ಎರಕದ ಕಬ್ಬಿಣ, ಹಸಿರು ಬಣ್ಣ ಅಲ್ಲಲ್ಲಿ ಸುಲಿದಿತ್ತು. 90 ಡಾಲರ್. ಪ್ರೆಸ್ ಅಂದರೆ ಒಂದು ಸನ್ನೆಗೋಲು, ಅಷ್ಟೇ. ಅದು ಹಳೆಯದಾದರೆ ಏನೂ ಕೆಡಲ್ಲ. ಅಲ್ಲಿ ಉಳಿದ ದುಡ್ಡನ್ನು ಅಳೆಯುವ ಸಾಮಾನಿಗೆ ಹಾಕಬೇಕು ಅನ್ನೋದು ನನ್ನ ವಾದ. ಆಗ ನಕ್ಕವರು ಇವತ್ತೂ ನಗಬಹುದು.

ತಕ್ಕಡಿಯ ಪಾಠ ಕಲಿತದ್ದೂ ದುಡ್ಡು ಕೊಟ್ಟೇ. ಮೊದಲು 30 ಡಾಲರಿನ ಡಿಜಿಟಲ್ ತಕ್ಕಡಿ ತಂದಿದ್ದೆ. ಐವತ್ತು ತೋಟಾ ತುಂಬಿ, ಕೊನೆಗೆ ಸುಮ್ನೆ ಚೆಕ್ ಮಾಡೋಣ ಅಂತ ಪರೀಕ್ಷೆಯ ತೂಕದ ಬೊಟ್ಟು ಇಟ್ಟೆ. 0.4 ಗ್ರೇನ್ (ಒಂದು ಗ್ರೇನ್ ಗ್ರಾಮಿನ ಸುಮಾರು ಹದಿನೈದನೇ ಒಂದು ಪಾಲು) ತಪ್ಪು ತೋರಿಸಿತು. ತಲೆ ಮೇಲೆ ಎಸಿ ಗಾಳಿ ಬರುತ್ತಿತ್ತು. ಪ್ರತಿ ಸಲ ಎಸಿ ಶುರುವಾದಾಗ ಅಂಕಿ ಮೆಲ್ಲಗೆ ಜಾರಿದೆ, ನಾನು ನೋಡಿಲ್ಲ. ಐವತ್ತನ್ನೂ ಬುಲೆಟ್ ಪುಲ್ಲರ್ ಸುತ್ತಿಗೆಯಲ್ಲಿ ಕುಟ್ಟಿ ಕುಟ್ಟಿ ಬಿಚ್ಚಿದೆ. ರಾತ್ರಿ ಹನ್ನೊಂದಾಯಿತು. ಪಕ್ಕದ ಮನೆಯವರು ನಾನು ಅವಲಕ್ಕಿ ಕುಟ್ಟುತ್ತಿದ್ದೇನೆ ಅಂದುಕೊಂಡಿರಲ್ಲ, ಬಿಡಿ. ಈಗ ದಂಡದ ಮೇಲೆ ಬೊಟ್ಟು ಸರಿಸಿ ತೂಗುವ ಹಳೇ ಬೀಮ್ ತಕ್ಕಡಿ. ಸುಮಾರು 60 ಡಾಲರ್. ಕರೆಂಟ್ ಬೇಡ. ಅಕ್ಕಸಾಲಿಗರ ಗುಲಗಂಜಿ ಗೊತ್ತಲ್ವಾ? ಅದರ ತೂಕ ಎರಡು ಗ್ರೇನಿನ ಹತ್ತಿರ. ನಾನು ಅದರ ಇಪ್ಪತ್ತನೇ ಒಂದು ಪಾಲಿಗೆ ತೂಗುತ್ತೇನೆ. ತೂಗುವಾಗ ಎಸಿ, ಫ್ಯಾನ್, ಫೋನ್ ಮೂರೂ ಆಫ್.

ಮದ್ದು ಚಿಮುಕಿಸಲು ಮೊದಲು ದೇವರ ಮನೆಯ ತಾಮ್ರದ ಉದ್ಧರಣೆ ಬಳಸಿದ್ದೆ. ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿಬಿಟ್ಟರು. ಅವತ್ತೇ ಅದೇ ಕೆಲಸಕ್ಕೆಂದಿರುವ ಟ್ರಿಕ್ಲರ್ ಆರ್ಡರ್ ಮಾಡಿದೆ.

ಡೈ ವಿಷಯದಲ್ಲಿ, ಅಂದರೆ ಕೇಸನ್ನು ಅಳತೆಗೆ ಒತ್ತುವ ಅಚ್ಚಿನ ವಿಷಯದಲ್ಲಿ, ಒಂದು ಕಥೆ. ಪಿಸ್ತೂಲಿನ ಕಾರ್ಬೈಡ್ ಡೈಗೆ ಎಣ್ಣೆ ಬೇಡ ಅನ್ನುವ ರೂಢಿಯಲ್ಲೇ .308 ಕೇಸನ್ನು ಸೈಜಿಂಗ್ ಡೈಗೆ ಕೊಟ್ಟೆ. ಎಣ್ಣೆ ಹಚ್ಚಿದ್ದೆ, ಆದರೆ ಹೆಸರಿಗೆ. ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಹಿಡಿಕೆಗೆ ಜೋತುಬಿದ್ದೆ. 'ಟಕ್' ಅಂದಿತು. ಕೇಸಿನ ಅಂಚು ಕಿತ್ತು, ಅದರ ಬುಡ ಹಿಡಿಯುವ ಶೆಲ್ ಹೋಲ್ಡರಿನಲ್ಲಿ ಉಳಿಯಿತು, ಮೈಯೆಲ್ಲ ಡೈಯೊಳಗೆ. ಕೇಸಿನ ಬುಡ ಕೊರೆದು, ತಿರುಪಿನ ಗೀರು ಹಾಕಿ, ಬೋಲ್ಟ್ ತಿರುಗಿಸಿ ಎಳೆಯಬೇಕು. ಅದರ ಕಿಟ್ 20 ಡಾಲರ್. ಮರುದಿನ ಹೆದರಿ ಎಣ್ಣೆ ಜಾಸ್ತಿ ಬಳಿದೆ. ಕೇಸಿನ ಭುಜದಲ್ಲೆಲ್ಲ ಗುಳಿ. ಈಗ ಲ್ಯಾನೊಲಿನ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸಿ ನಾನೇ ಮಾಡಿಕೊಳ್ಳುತ್ತೇನೆ. ಎಷ್ಟಕ್ಕೆ ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ. ಬುಲೆಟ್ ಕೂರಿಸುವ ಮುಂಚೆ ಕೇಸಿನ ಕುತ್ತಿಗೆಗೆ ಮಾಡುವ ಒಂದು ಕೆಲಸವೂ ಇದೆ, ಅದನ್ನೂ ಬರೆಯಲ್ಲ.

ಮಧ್ಯೆ ಒಂದು ಹುಚ್ಚು ಪ್ರಯೋಗ. ದೀಪಾವಳಿಗೆ ಹಿತ್ತಾಳೆ ದೀಪ ಹುಣಸೆಹಣ್ಣಿನಲ್ಲಿ ತಿಕ್ಕುತ್ತೇವೆ. ಕೇಸೂ ಹಿತ್ತಾಳೆಯೇ ಅಲ್ವಾ? ಬಿಸಿನೀರಿಗೆ ಹುಣಸೆ ಕಿವುಚಿ ನೂರು ಕೇಸ್ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಮದುವೆ ಮನೆ ಚೊಂಬಿನ ಹಾಗೆ ಹೊಳೆದವು. ಖುಷಿಯಲ್ಲಿ ಇನ್ನೊಂದು ನೂರನ್ನು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನಸುಗೆಂಪಾಗಿದ್ದವು. ಹುಳಿ ಸತುವನ್ನು ತಿಂದು ತಾಮ್ರದ ಬಣ್ಣ ಮೇಲೆ ಬಂದಿತ್ತು. ಅವನ್ನು ಗುಜರಿಗೆ ಎಸೆದೆ. ಮೊದಲ ನೂರರಲ್ಲೂ ಪ್ರೈಮರ್ ಗುಳಿಯೊಳಗೆ ಹುಣಸೆ ನಾರು ಸಿಕ್ಕಿಕೊಂಡು, ಒಂದೊಂದನ್ನೂ ಸೂಜಿಯಲ್ಲಿ ಕೆದಕಿದೆ. ಈಗ ಕೇಸ್ ಉಜ್ಜಿ ಹೊಳೆಯಿಸುವ 60 ಡಾಲರಿನ ಟಂಬ್ಲರ್, ಅದರಲ್ಲಿ ವಾಲ್‌ನಟ್ ಸಿಪ್ಪೆಯ ಪುಡಿ. ಸೀಸದ ಧೂಳು ಏಳುತ್ತದೆ, ಅದಕ್ಕೆ ಅದು ಹೊರಗೇ ತಿರುಗುತ್ತದೆ. ಒಳಗೆ ಬಂದ ಮೇಲೆ ಕೈ ತೊಳೆಯದೆ ಮಗುವನ್ನು ಮುಟ್ಟಲ್ಲ.

ಉಳಿದದ್ದು: ಡೈ ಸೆಟ್ 45, ಕ್ಯಾಲಿಪರ್ 35, ಪ್ರೈಮರ್ ಕೂರಿಸುವ ಕೈ ಸಾಧನ (ಕೈ ಪ್ರೈಮರ್) 50, ಟ್ರಿಮ್ಮರ್ 80ರ ಹತ್ತಿರ. 2.015 ಇಂಚು ದಾಟಿದ ಕೇಸನ್ನು 2.005ಕ್ಕೆ ಇಳಿಸಲು ಟ್ರಿಮ್ಮರ್ ಬೇಕೇ ಬೇಕು. ಮ್ಯಾನುಯಲ್ 30. ಅದಕ್ಕೆ ಜಿಪುಣತನ ಮಾಡಬೇಡಿ. ಮದ್ದಿನ ತೂಕ ಪುಸ್ತಕದಿಂದ ತೆಗೆದುಕೊಳ್ಳಿ, ನನ್ನನ್ನು ಕೇಳಬೇಡಿ. ಚಿಲ್ಲರೆ ಎಲ್ಲ ಸೇರಿ 500 ಡಾಲರ್ ಆಗಿರಬಹುದು. ಇದರಲ್ಲಿ ಮೊದಲು ಕಳೆದ 150 ಲೆಕ್ಕಕ್ಕಿಲ್ಲ.

ಕೈ ಪ್ರೈಮರ್ ಬಗ್ಗೆ ಹೇಳಲೇಬೇಕು. ಪ್ರೈಮರ್ ಗುಳಿಯೊಳಗೆ ಇಳಿದು ತಳ ಮುಟ್ಟುವುದು ಬೆರಳಿಗೇ ಗೊತ್ತಾಗುತ್ತದೆ. ಸಡಿಲಾದ ಕೇಸನ್ನು ಕಣ್ಣು ಹಿಡಿಯುವುದಕ್ಕೆ ಮುಂಚೆ ಬೆರಳು ಹಿಡಿಯುತ್ತದೆ. ಐವತ್ತು ಕೇಸಿಗೆ ಮದ್ದು ಹಾಕಿ ಮರದ ಬ್ಲಾಕಿನಲ್ಲಿ ನಿಲ್ಲಿಸಿ, ಟಾರ್ಚ್ ಓರೆಯಾಗಿ ಹಿಡಿದು ಒಂದೊಂದು ಬಾಯಿಯೊಳಗೂ ನೋಡುತ್ತೇನೆ. ಒಂದರಲ್ಲಿ ಮಟ್ಟ ಬೇರೆ ಇದ್ದರೂ ನೆರಳು ಬೇರೆ ಬೀಳುತ್ತದೆ. ಪ್ರೊಗ್ರೆಸಿವ್‌ನಲ್ಲಿ ನನಗೆ ಈ ಪುರುಸೊತ್ತು ಸಿಗುತ್ತಿರಲಿಲ್ಲ.

ಒಂದು ತೋಟಾಕ್ಕೆ ಬುಲೆಟ್ 42 ಸೆಂಟ್, ಮದ್ದು 30, ಪ್ರೈಮರ್ 9, ಕೇಸಿನ ಸವಕಳಿ ಐದು. 86 ಸೆಂಟ್ ಆಯಿತು. ಅಂಗಡಿಯ ಮ್ಯಾಚ್ (ಸ್ಪರ್ಧೆಯ ದರ್ಜೆಯ) ತೋಟಾ ನನಗೆ ಸಿಗುತ್ತಿದ್ದದ್ದು 1.70ರ ಆಸುಪಾಸು. ಆರುನೂರು ತೋಟಾಕ್ಕೆ ಸಾಮಾನಿನ ದುಡ್ಡು ವಾಪಸ್. ಹೆಂಡತಿಗೆ ಈ ಲೆಕ್ಕ ತೋರಿಸಿದೆ. "ಮುಂಚೆ ತಿಂಗಳಿಗೆ ಇಪ್ಪತ್ತು ಹೊಡೀತಿದ್ರಿ, ಈಗ ನೂರು" ಅಂದಳು. ಉತ್ತರ ಹೊಳೆಯಲಿಲ್ಲ. 9 ಎಂಎಂ ಮಾತ್ರ ಅಂಗಡಿಯಿಂದಲೇ ತರುತ್ತೇನೆ. ಅದರಲ್ಲಿ ಉಳಿಯುವ ಬಿಡಿಗಾಸಿಗೆ ಸಂಜೆ ಹಾಳು ಮಾಡಿಕೊಳ್ಳಲ್ಲ.

ಪಕ್ಕದ ಬೆಂಚಿನವನೊಬ್ಬ ಮೊನ್ನೆ ಮೆಸೇಜ್ ಮಾಡಿದ್ದಾನೆ. ಅವನ ಮಗನಿಗೆ ಹಳೇ ಸಿಂಗಲ್ ಸ್ಟೇಜ್ ಎಲ್ಲಾದರೂ ಸಿಗುತ್ತದಾ ಅಂತ. ನನ್ನ ಕಣ್ಣಲ್ಲಿ ಒಂದಿದೆ, 110 ಹೇಳುತ್ತಿದ್ದಾರೆ. ಶನಿವಾರ ಹೇಳುತ್ತೇನೆ, ಗುರಿಹಾಳೆ ಇನ್ನೊಂದು ಸಲ ತೋರಿಸಿದ ಮೇಲೆ.