ನೆಲಮಾಳಿಗೆಯ ಗಾಳಿಯಲ್ಲಿ ರೇಡಾನ್: ಕ್ಯಾಂಪಸ್ಸಿನಲ್ಲಿ ಅಳೆಯುವುದು ಹೇಗೆ?

ಹಳೆಯ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರೆ ಮೊದಲು ಮೂಗಿಗೆ ಬಡಿಯುವುದು ಹಳೇ ಕಾಗದದ ವಾಸನೆ, ನುಸಿಗುಳಿಗೆಯ ಘಾಟು, ತೇವ ಕುಡಿದ ಗೋಡೆಯ ಮುಗ್ಗಲು. ರೇಡಾನ್ ಎಂಬ ವಿಕಿರಣಶೀಲ ಅನಿಲಕ್ಕೆ ಇಂಥ ಯಾವ ಗುರುತೂ ಇಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಅಳೆದು ನೋಡಿದರೆ ಮಾತ್ರ ಅದು ಎಷ್ಟಿದೆ ಎಂದು ತಿಳಿಯುತ್ತದೆ.

ಕ್ಯಾಂಪಸ್ ಸುರಕ್ಷತೆ ಎಂದಾಗ ನಾವು ವಿದ್ಯಾರ್ಥಿಗಳನ್ನು ನೆನೆಯುತ್ತೇವೆ. ಆದರೆ ವಿದ್ಯಾರ್ಥಿ ಮೂರ್ನಾಲ್ಕು ವರ್ಷ ಓದಿ ಹೊರಟುಹೋಗುತ್ತಾನೆ. ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ ಇಪ್ಪತ್ತೈದು ಮೂವತ್ತು ವರ್ಷ ಕೂರುವವರು ಅಟೆಂಡರ್, ಸ್ಟೋರ್ ಕೀಪರ್, ಗ್ರಂಥಾಲಯದ ಸಹಾಯಕಿ, ರಾತ್ರಿ ಪಾಳಿಯ ಕಾವಲುಗಾರ. ರೇಡಾನ್ ಮಾಡುವ ಹಾನಿ ವರ್ಷಗಟ್ಟಲೆ ಕೂಡುತ್ತಾ ಹೋಗುವ ಹಾನಿ. ಹಾಗಾಗಿ ಅಳತೆ ಶುರುವಾಗಬೇಕಾದದ್ದು ಅವರ ಮೇಜಿನ ಬಳಿ.

ಬರುವುದು ಎಲ್ಲಿಂದ?

ಲಾಲ್‌ಬಾಗಿನ ಬಂಡೆ ಹತ್ತಿದವರು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆಯ ಮೇಲೆ ನಿಂತಿದ್ದಾರೆ. ನೈಋತ್ಯಕ್ಕೆ ರಾಮನಗರದ ಕಡೆ ಹೋದರೆ ಗ್ರಾನೈಟ್ ಬೆಟ್ಟಗಳ ಸಾಲು. ಇಂಥ ಕಲ್ಲುಗಳಲ್ಲಿ ಅತ್ಯಲ್ಪ ಪ್ರಮಾಣದ ಯುರೇನಿಯಂ ಇರುತ್ತದೆ. ಅದು ನಿಧಾನವಾಗಿ ಕ್ಷಯಿಸುತ್ತಾ ರೇಡಿಯಂ ಆಗಿ, ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಅನಿಲವಾದ್ದರಿಂದ ಮಣ್ಣಿನ ಸಂದುಗಳಲ್ಲಿ ನುಸುಳಿ ಮೇಲೆ ಬರುತ್ತದೆ. ಬಯಲಿಗೆ ಬಂದರೆ ಗಾಳಿಯಲ್ಲಿ ಬೆರೆತು ತೆಳುವಾಗುತ್ತದೆ. ಕಟ್ಟಡದ ತಳದ ಬಿರುಕು, ಕೇಬಲ್ ಪೈಪಿನ ಸಂದು, ನೆಲ ಗೋಡೆ ಸೇರುವ ಮೂಲೆ ಸಿಕ್ಕರೆ ಒಳಗೆ ಬಂದು ನಿಲ್ಲುತ್ತದೆ.

ರೇಡಾನಿನ ಅರ್ಧಾಯುಷ್ಯ, ಅಂದರೆ ಇರುವುದರಲ್ಲಿ ಅರ್ಧದಷ್ಟು ಒಡೆಯಲು ಹಿಡಿಯುವ ಕಾಲ, 3.8 ದಿನ. ಅದು ಒಡೆದಾಗ ಹುಟ್ಟುವ ಪೊಲೋನಿಯಂ ದೂಳಿಗೆ ಅಂಟಿಕೊಂಡು ಶ್ವಾಸಕೋಶ ಸೇರುತ್ತದೆ. ಅಲ್ಲಿ ಹೊಮ್ಮುವ ಆಲ್ಫಾ ಕಣಗಳು ಜೀವಕೋಶವನ್ನು ಗಾಯಗೊಳಿಸುತ್ತವೆ. 1988ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನನ್ನು ಖಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಶೇ 3ರಿಂದ 14ರಷ್ಟಕ್ಕೆ ರೇಡಾನ್ ಕಾರಣ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹಲವು ಪಟ್ಟು ಹೆಚ್ಚು.

ಇಷ್ಟು ಓದಿ ಗಾಬರಿಯಾಗಬೇಕಿಲ್ಲ. ಬೆಂಗಳೂರಿನ ಹವೆಯಲ್ಲಿ ಕಿಟಕಿ ತೆರೆದಿಡುವುದೇ ನಮ್ಮ ರೂಢಿ, ಅದೇ ದೊಡ್ಡ ರಕ್ಷಣೆ. ಎರಡನೇ ಮಹಡಿಯ ತರಗತಿಯ ಚಿಂತೆ ಬಿಡಿ. ನನಗೆ ಕಳವಳ ಇರುವುದು ಹೊಸ ಅಭ್ಯಾಸದ ಬಗ್ಗೆ: ಪಾರ್ಕಿಂಗಿಗೆಂದು ಕಟ್ಟಿದ ಸೆಲ್ಲಾರಿಗೆ ಗೋಡೆ ಎಬ್ಬಿಸಿ ಕಚೇರಿ ಮಾಡುವುದು, ನೆಲಮಹಡಿಯ ಲ್ಯಾಬಿನ ಕಿಟಕಿ ಮುಚ್ಚಿ ಎ.ಸಿ. ಹಾಕುವುದು. ಗೋಡೆಗೆ ಹಾಕುವ ಸಾಮಾನ್ಯ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ನಮಗೇ ಕೊಡುತ್ತದೆ. ತಂಪಾಗಿದೆ ಎಂದರೆ ಗಾಳಿ ಹೊಸದು ಎಂದಲ್ಲ.

ಮೊದಲ ಕೆಲಸ: ಕೋಣೆಗಳ ಪಟ್ಟಿ

ಕಟ್ಟಡದ ನಕ್ಷೆ ಹಿಡಿದು ಕೂರುವ ಬದಲು, ಕ್ಯಾಂಪಸ್ಸಿನ ಹಳೇ ಪ್ಲಂಬರ್ ಅಥವಾ ಎಲೆಕ್ಟ್ರಿಷಿಯನ್‌ನನ್ನು ಕರೆದುಕೊಂಡು ಸುತ್ತಿ ಬನ್ನಿ. ಯಾವ ಪೈಪು ಎಲ್ಲಿ ನೆಲ ಸೀಳಿ ಬಂದಿದೆ, ಯಾವ ಚೇಂಬರಿನ ಮುಚ್ಚಳ ಕೋಣೆಯೊಳಗೇ ಇದೆ ಎಂಬುದು ಅವರಿಗೆ ಗೊತ್ತು. ಮಣ್ಣಿಗೆ ತಾಗಿದ, ಜನ ದಿನವೂ ಕೂರುವ ಪ್ರತಿ ಕೋಣೆಯನ್ನೂ ಬರೆದುಕೊಳ್ಳಿ. ಇಳಿಜಾರಿನಲ್ಲಿ ಕಟ್ಟಿದ ಕಟ್ಟಡಗಳಲ್ಲಿ ಒಂದು ಬದಿಯ 'ಮೊದಲ ಮಹಡಿ' ಇನ್ನೊಂದು ಬದಿಯಲ್ಲಿ ಮಣ್ಣಿಗೆ ಒರಗಿರುತ್ತದೆ. ಅದನ್ನೂ ಸೇರಿಸಿ. ಬೋರ್‌ವೆಲ್ ನೀರಿನಲ್ಲೂ ಕರಗಿದ ರೇಡಾನ್ ಇರಬಹುದು, ಆದ್ದರಿಂದ ಮುಚ್ಚಿದ ಪಂಪ್ ಹೌಸಿನಲ್ಲಿ ಯಾರಾದರೂ ಕೂರುವುದಿದ್ದರೆ ಅದೂ ಇರಲಿ.

ಸುತ್ತುವಾಗ ಕೈಯಲ್ಲಿ ಒಂದು ಊದುಬತ್ತಿ ಇರಲಿ. ಫ್ಯಾನು, ಎ.ಸಿ. ಆರಿಸಿ, ಬಾಗಿಲು ಮುಚ್ಚಿ, ಐದು ನಿಮಿಷ ಗಾಳಿ ಶಾಂತವಾಗಲು ಬಿಡಿ. ಕೇಬಲ್ ಪೈಪು ನೆಲದಿಂದ ಎದ್ದ ಕಡೆ ಊದುಬತ್ತಿ ಹಿಡಿಯಿರಿ. ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಕೋಣೆಯ ಕಡೆ ಬಾಗಿದರೆ ಆ ಸಂದಿನಿಂದ ಗಾಳಿ ಮೇಲೆ ಬರುತ್ತಿದೆ. ಇದು ರೇಡಾನಿನ ಅಳತೆ ಅಲ್ಲ. ಆದರೆ ಒಳದಾರಿ ಯಾವುದು ಎಂದು ತೋರಿಸುತ್ತದೆ, ಮುಂದೆ ದುರಸ್ತಿಗೆ ಬಂದಾಗ ಬೇಕಾಗುತ್ತದೆ. ಚಾಕ್‌ಪೀಸಿನಲ್ಲಿ ಗುರುತು ಹಾಕಿಡಿ.

ಎರಡನೆಯದು: ಯಾವ ಉಪಕರಣ?

ಇದ್ದಿಲಿನ ಡಬ್ಬಿ ಅಗ್ಗದ ದಾರಿ. ಎರಡರಿಂದ ಏಳು ದಿನ ತೆರೆದಿಟ್ಟು, ಮುಚ್ಚಿ ಕೂಡಲೇ ಪ್ರಯೋಗಾಲಯಕ್ಕೆ ಕಳಿಸಬೇಕು. ತಡವಾದರೆ ಹಿಡಿದ ರೇಡಾನ್ ಡಬ್ಬಿಯಲ್ಲೇ ಕ್ಷಯಿಸಿಬಿಡುತ್ತದೆ. ಡಿಜಿಟಲ್ ಮೀಟರು ಗಂಟೆಗಂಟೆಯ ಏರಿಳಿತ ತೋರಿಸುತ್ತದೆ.

ವಿಶ್ವವಿದ್ಯಾಲಯಕ್ಕೆ ನಾನು ಮೊದಲು ಹೇಳುವುದು ಮೂರನೆಯದನ್ನು, ಎಲ್‌ಆರ್-115 ಫಿಲ್ಮ್. ಚಿಕ್ಕ ಕಪ್ಪಿನೊಳಗೆ ಫಿಲ್ಮಿನ ತುಂಡು ಅಂಟಿಸಿ ಮೂರು ತಿಂಗಳು ತೂಗುಹಾಕುತ್ತಾರೆ. ಇದಕ್ಕೆ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಪಿನ್‌ಹೋಲ್ (ಸೂಜಿರಂಧ್ರದ) ಕಪ್ಪುಗಳಿವೆ. ಆಲ್ಫಾ ಕಣ ಬಡಿದ ಕಡೆ ಫಿಲ್ಮಿನಲ್ಲಿ ಕಾಣದ ಗಾಯ ಉಳಿಯುತ್ತದೆ. 60 ಡಿಗ್ರಿ ಸೆಲ್ಸಿಯಸ್‌ನ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಸುಮಾರು 90 ನಿಮಿಷ ಅದ್ದಿದರೆ ಆ ಗಾಯ ರಂಧ್ರವಾಗಿ ಅಗಲವಾಗುತ್ತದೆ, ಎಣಿಸಬಹುದು. ಭೌತಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ. ಆದರೆ ರಂಧ್ರದ ಎಣಿಕೆಯನ್ನು ರೇಡಾನಿನ ಪ್ರಮಾಣಕ್ಕೆ ತಿರುಗಿಸಲು ಕ್ಯಾಲಿಬ್ರೇಷನ್, ಅಂದರೆ ಪ್ರಮಾಣ ಗೊತ್ತಿರುವ ರೇಡಾನಿನ ಜೊತೆ ಹೋಲಿಸಿ ನೋಡುವುದು, ಬೇಕೇಬೇಕು. ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಆವರಣದಲ್ಲಿ ಪರಿಸರ ವಿಕಿರಣದ ಸಂಶೋಧನೆಗೆಂದೇ ಒಂದು ಕೇಂದ್ರವಿದೆ. ಇಂಥ ಅನುಭವಿಗಳ ಸಲಹೆ ಪಡೆದೇ ಕೆಲಸ ಶುರುಮಾಡಿ.

ಇಡುವುದು ಎಲ್ಲಿ?

ಹೆಚ್ಚಿನ ತಪ್ಪು ಆಗುವುದು ಇಲ್ಲೇ. ನನಗೆ ಗೊತ್ತಿರುವ ಕಾಲೇಜೊಂದರಲ್ಲಿ ಕಪ್ಪು ಕಳುವಾಗಬಹುದೆಂದು ಹೆದರಿ ಯಾರೋ ಅದನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿದ್ದರು. ಮೂರು ತಿಂಗಳಾದ ಮೇಲೆ ಸಿಕ್ಕಿದ್ದು ಬೀರುವಿನ ಗಾಳಿಯ ಲೆಕ್ಕ. ಮೇಜಿನ ಮೇಲೆ ದಿನಕ್ಕೆ ಎಂಟು ಗಂಟೆ ಬರೆಯುವ ಗುಮಾಸ್ತೆಯ ಲೆಕ್ಕ ಸಿಗಲೇ ಇಲ್ಲ. ಆ ಶ್ರಮವೆಲ್ಲ ಹೋಯಿತು ಎನ್ನುವುದಕ್ಕಿಂತ, ಆಕೆ ಕೇಳಿದಾಗ ಹೇಳಲು ಏನೂ ಇರಲಿಲ್ಲ ಎನ್ನುವುದೇ ನನ್ನನ್ನು ಇಂದಿಗೂ ಕಾಡುತ್ತದೆ.

ಕೂತವರ ಮೂಗಿನ ಎತ್ತರಕ್ಕೆ ತೂಗುಹಾಕಿ; ನೆಲದಿಂದ ಅರ್ಧ ಮೀಟರಿನಿಂದ ಎರಡು ಮೀಟರಿನ ನಡುವೆ ಎಲ್ಲಾದರೂ ಸರಿ. ಬಾಗಿಲು ಕಿಟಕಿಯಿಂದ ಮೂರಡಿ, ಗೋಡೆಯಿಂದ ಕನಿಷ್ಠ ಒಂದಡಿ ದೂರವಿರಲಿ. ಗೋಡೆಯ ಕಲ್ಲು ಇಟ್ಟಿಗೆಗಳಿಂದ ಥೋರಾನ್ ಎಂಬ ಸೋದರ ಅನಿಲ ಬರುತ್ತದೆ. ಅದರ ಅರ್ಧಾಯುಷ್ಯ ಒಂದು ನಿಮಿಷಕ್ಕೂ ಕಡಿಮೆ, ಗೋಡೆಯಿಂದ ದೂರ ಸರಿಯುವಷ್ಟರಲ್ಲಿ ಮುಗಿದುಹೋಗುತ್ತದೆ. ಗೋಡೆಗೇ ಅಂಟಿಸಿದರೆ ಅಳತೆ ಕೆಡುತ್ತದೆ. ಎ.ಸಿ.ಯ ಗಾಳಿ ನೇರ ಬಡಿಯಬಾರದು. 'ಇದು ಅಪಾಯದ ವಸ್ತುವಲ್ಲ, ಗಾಳಿಯ ಪರೀಕ್ಷೆ, ಮುಟ್ಟಬೇಡಿ' ಎಂದು ಕನ್ನಡದಲ್ಲಿ ಚೀಟಿ ಬರೆದು ಕಟ್ಟಿ, ಕಸ ಗುಡಿಸುವವರಿಗೂ ಬಾಯಿಮಾತಿನಲ್ಲಿ ತಿಳಿಸಿ.

ಹತ್ತು ಕಡೆ ಇಟ್ಟರೆ ಒಂದು ಕಡೆಯಾದರೂ ಜೋಡಿ ಕಪ್ಪು ಇಡಿ. ಎರಡೂ ಹತ್ತಿರದ ಅಂಕಿ ಕೊಡದಿದ್ದರೆ ಉಳಿದವನ್ನೂ ನಂಬುವಂತಿಲ್ಲ.

ಸಮಯ: ತರಗತಿ ನಡೆಯುವ ದಿನಗಳಲ್ಲೇ, ಎ.ಸಿ., ಫ್ಯಾನು ಎಂದಿನಂತೆ ಓಡುತ್ತಿರುವಾಗ. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ, ಚಳಿಗೆ ಕಿಟಕಿಗಳು ಮುಚ್ಚಿರುವುದರಿಂದ ಕೆಟ್ಟ ಸ್ಥಿತಿ ಕಾಣುತ್ತದೆ.

ಅಂಕಿ ಬಂದ ಮೇಲೆ

ಲೆಕ್ಕ ಇರುವುದು ಒಂದು ಘನ ಮೀಟರ್ ಗಾಳಿಗೆ ಇಷ್ಟು ಬೆಕೆರೆಲ್ ಎಂದು. 100 ಬೆಕೆರೆಲ್ ಎಂದರೆ ಅಷ್ಟು ಗಾಳಿಯಲ್ಲಿ ಸೆಕೆಂಡಿಗೆ 100 ರೇಡಾನ್ ಪರಮಾಣು ಒಡೆಯುತ್ತಿವೆ. ಮೀಟರು ಲೀಟರಿಗೆ ಇಷ್ಟು ಪಿಕೋಕ್ಯೂರಿ ಎಂದು ತೋರಿಸಿದರೆ 37ರಿಂದ ಗುಣಿಸಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಗಳಿಗೆ ಹೇಳಿದ ಮಟ್ಟ 100. ಅದು ಸಾಧ್ಯವಾಗದ ಕಡೆಯೂ 300 ಮೀರಬಾರದು. ಅಮೆರಿಕದಲ್ಲಿ 148ಕ್ಕೇ ದುರಸ್ತಿಗೆ ಹೇಳುತ್ತಾರೆ.

ನನ್ನ ಸಲಹೆ ಇಷ್ಟು. ನೂರರ ಕೆಳಗಿದ್ದರೆ ದಾಖಲಿಸಿ, ಕೋಣೆ ನವೀಕರಿಸಿದಾಗ ಮತ್ತೆ ಅಳೆಯಿರಿ. ನೂರರಿಂದ ಮುನ್ನೂರರ ನಡುವೆ ಬಂದರೆ ಗಾಳಿಯಾಟ ಸರಿಪಡಿಸಿ ಇನ್ನೊಂದು ಮೂರು ತಿಂಗಳ ಫಿಲ್ಮ್ ಹಾಕಿ. ಮುನ್ನೂರು ದಾಟಿದರೆ ತಡಮಾಡದೆ ಡಿಜಿಟಲ್ ಮೀಟರು ಇಟ್ಟು ಯಾವ ಹೊತ್ತಿಗೆ ಏರುತ್ತದೆ ನೋಡಿ, ಕೂರುವವರಿಗೆ ಬೇರೆ ಕೋಣೆ ಕೊಡಿ. ಶನಿವಾರ ಸಂಜೆ ಮುಚ್ಚಿದ ಕೋಣೆಯಲ್ಲಿ ಸೋಮವಾರ ಬೆಳಗ್ಗೆ ಅಂಕಿ ಏರಿರುವುದು ಸಾಮಾನ್ಯ. ಅಂಥಲ್ಲಿ ಕೆಲಸಕ್ಕೆ ಅರ್ಧ ಗಂಟೆ ಮುಂಚೆ ಬಾಗಿಲು ಕಿಟಕಿ ತೆರೆದರೂ ಅನುಕೂಲ. ಬಂದ ಅಂಕಿಯನ್ನು ಮಾತ್ರ ಫೈಲಿನಲ್ಲಿ ಮುಚ್ಚಿಡಬೇಡಿ, ಆ ಕೋಣೆಯವರಿಗೆ ಮೊದಲು ಹೇಳಿ.

ತಗ್ಗಿಸುವುದು

'ಎಕ್ಸಾಸ್ಟ್ ಫ್ಯಾನ್ ಹಾಕಿಸೋಣ' ಎಂಬ ಮಾತು ಮೊದಲು ಬರುತ್ತದೆ. ಎಚ್ಚರ. ಮುಚ್ಚಿದ ಕೋಣೆಯ ಗಾಳಿಯನ್ನು ಹೊರಗೆಳೆದರೆ ಆ ಕೊರತೆ ತುಂಬಲು ನೆಲದ ಬಿರುಕಿನಿಂದಲೇ ಗಾಳಿ ನುಗ್ಗಬಹುದು, ರೇಡಾನ್ ಹೆಚ್ಚಬಹುದು. ಹೊರಗಿನ ಗಾಳಿ ಒಳಬರುವ ದಾರಿಯನ್ನು ಮೊದಲು ಮಾಡಿ. ಚಾಕ್ ಗುರುತಿನ ಸಂದುಗಳನ್ನು ಮುಚ್ಚಿ, ಆದರೆ ಅದೊಂದನ್ನೇ ನಂಬಬೇಡಿ. ಗಾಳಿ ಶುದ್ಧಿ ಯಂತ್ರ, ಕುಂಡದ ಗಿಡ ರೇಡಾನನ್ನು ತೆಗೆಯುವುದಿಲ್ಲ.

ಹೆಚ್ಚು ಅಂಕಿ ಬಂದ ಕಡೆ ನೆಚ್ಚಬಹುದಾದ ಉಪಾಯ ಬೇರೆಯೇ ಇದೆ. ನೆಲ ಕೊರೆದು, ಕಾಂಕ್ರೀಟಿನ ಕೆಳಗಿನ ಜಲ್ಲಿ ಪದರಕ್ಕೆ ನಾಲ್ಕಿಂಚಿನ ಪಿವಿಸಿ ಪೈಪು ಇಳಿಸಿ, ಅದನ್ನು ತಾರಸಿಯ ಮೇಲಕ್ಕೆ ಒಯ್ದು, ದಾರಿಯಲ್ಲಿ ಸದಾ ಓಡುವ ಫ್ಯಾನ್ ಕೂರಿಸುವುದು. ಅನಿಲ ಕೋಣೆಗೆ ಬರುವ ಮೊದಲೇ ನೆಲದಡಿಯಿಂದ ಹೊರಹೋಗುತ್ತದೆ. ಪೈಪಿನ ಬಾಯಿ ಯಾವ ಕಿಟಕಿಯ ಹತ್ತಿರವೂ ಇರಬಾರದು. ಮುಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಕಪ್ಪು ತೂಗುಹಾಕಿ ಅಳೆಯಲೇಬೇಕು.

ಪೈಪಿಗೆ ಬಣ್ಣದ ದ್ರವ ತುಂಬಿದ ಯು ಆಕಾರದ ಚಿಕ್ಕ ಕೊಳವೆಯೊಂದನ್ನು ಜೋಡಿಸುತ್ತಾರೆ. ಎರಡು ಕಡೆಯ ದ್ರವ ಏರುಪೇರಾಗಿದ್ದರೆ ಫ್ಯಾನ್ ಎಳೆಯುತ್ತಿದೆ. ಎರಡೂ ಸಮನಾದರೆ ನಿಂತಿದೆ. ಇದನ್ನು ಅಟೆಂಡರ್‌ಗೆ ತೋರಿಸಿಕೊಡಿ, ವಾರಕ್ಕೊಮ್ಮೆ ನೋಡಿ ರಿಜಿಸ್ಟರಿನಲ್ಲಿ ಬರೆಯಲಿ. ನಿಂತಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಆ ಕೊಳವೆಯ ಪಕ್ಕದಲ್ಲೇ ಅಂಟಿಸಿರಿ.