ಹೊಸ ಆನ್‌ಲೈನ್ ಸಾಧನವನ್ನು ಗ್ರಂಥಾಲಯಕ್ಕೂ ಮನೆಗೂ ತರುವ ಮೊದಲು ಪರೀಕ್ಷಿಸುವ ಬಗೆ

ಅಮೆರಿಕದ ಷಾರ್ಲಟ್ ಮೆಕ್ಲೆನ್‌ಬರ್ಗ್ ಸಾರ್ವಜನಿಕ ಗ್ರಂಥಾಲಯದಲ್ಲಿ 2006ರಲ್ಲಿ ಹೆಲೀನ್ ಬ್ಲೋವರ್ಸ್ ಅವರು ಸಿಬ್ಬಂದಿಗಾಗಿ ‘23 ಸಂಗತಿಗಳು’ ಎಂಬ ಸ್ವಯಂಕಲಿಕೆಯ ಕಾರ್ಯಕ್ರಮವೊಂದನ್ನು ರೂಪಿಸಿದರು. ಬ್ಲಾಗ್, ಆರ್‌ಎಸ್‌ಎಸ್ (ಜಾಲತಾಣಗಳ ಹೊಸ ಬರಹಗಳನ್ನು ಒಂದೆಡೆ ತರುವ ವ್ಯವಸ್ಥೆ), ವಿಕಿ (ಹಲವರು ಸೇರಿ ತಿದ್ದಬಹುದಾದ ಪುಟಗಳು), ಫೋಟೊ ಹಂಚಿಕೆ ಮುಂತಾದವನ್ನು ಉಪನ್ಯಾಸ ಕೇಳಿ ತಿಳಿಯುವ ಬದಲು ಸ್ವತಃ ಬಳಸಿ ನೋಡಿ ಕಲಿಯಬೇಕೆಂಬುದು ಅದರ ಉದ್ದೇಶವಾಗಿತ್ತು. ಬೇರೆ ಬೇರೆ ದೇಶಗಳ ಗ್ರಂಥಾಲಯಗಳು ಆ ಮಾದರಿಯನ್ನು ತಮಗೆ ಹೊಂದಿಸಿಕೊಂಡವು. ಆ ಕಾಲದಲ್ಲಿ ಗ್ರಂಥಪಾಲಕರು ಮೆಚ್ಚಿ ಬಳಸುತ್ತಿದ್ದ, ಕೊಂಡಿಗಳನ್ನು ಕೂಡಿಡುವ ಡೆಲಿಶಿಯಸ್, ಆರ್‌ಎಸ್‌ಎಸ್ ಓದಿಸುವ ಗೂಗಲ್ ರೀಡರ್‌ನಂತಹ ಸೇವೆಗಳು ಇಂದು ಉಳಿದಿಲ್ಲವಾದರೂ, ಸಾಧನವನ್ನು ಕೈಯಾರೆ ಪರೀಕ್ಷಿಸುವ ಆ ಅಭ್ಯಾಸ ಈಗಲೂ ಉಪಯುಕ್ತವಾಗಿದೆ. ಯಾವ ಸಾಧನ ಶ್ರೇಷ್ಠ ಎಂಬ ಪಟ್ಟಿ ವರ್ಷ ತುಂಬುವುದರೊಳಗೆ ಹಳತಾಗುವುದರಿಂದ, ಯಾವ ಸಾಧನಕ್ಕೂ ಅನ್ವಯಿಸಬಹುದಾದ ಪರೀಕ್ಷೆಯ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಸಾಧನವನ್ನು ಹುಡುಕಬೇಡಿ, ತೊಂದರೆಯನ್ನು ಗುರುತಿಸಿ. ಒಂದು ವಾರದ ಮಟ್ಟಿಗೆ, ಒಂದೇ ಮಾಹಿತಿಯನ್ನು ಎರಡು ಕಡೆ ಬರೆಯಬೇಕಾಗಿ ಬಂದ ಸಂದರ್ಭಗಳನ್ನೂ, ಒಂದೇ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರಿಸಬೇಕಾದ ಸಂದರ್ಭಗಳನ್ನೂ ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಕೌಂಟರಿನಲ್ಲಿ ಕೂತವರಿಗೆ ಇಂತಹವು ಬೇಗ ಸಿಗುತ್ತವೆ: ಬರಬೇಕಾದ ನಿಯತಕಾಲಿಕೆಗಳ ಪಟ್ಟಿ ಒಬ್ಬರ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ, ಓದುಗರು ಕೇಳಿದ ಪುಸ್ತಕಗಳ ಹೆಸರು ಚೀಟಿಗಳಲ್ಲಿ ಚದುರಿರುತ್ತದೆ, ರಜೆಯ ಪಾಳಿ ಯಾರದೆಂದು ಪ್ರತಿಯೊಬ್ಬರನ್ನೂ ವಿಚಾರಿಸಬೇಕಾಗುತ್ತದೆ. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಅದಕ್ಕೆ ಒಂದು ಸಾಧನವನ್ನು ಮಾತ್ರ ಪರೀಕ್ಷಿಸಬೇಕು. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆಂದು ಹೇಳುತ್ತದೆ. ಹೊಸ ಸಾಧನವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ನನಗೆ ಕಂಡಿಲ್ಲ. ಸಿಬ್ಬಂದಿಯ ಹತ್ತು ನಿಮಿಷ ಉಳಿಸಿ, ಪ್ರತಿಯೊಬ್ಬ ಓದುಗರನ್ನೂ ಹೊಸ ಖಾತೆ ತೆರೆಯುವಂತೆ ಮಾಡುವ ಸೇವೆಯನ್ನು ಮೊದಲ ನೋಟದಲ್ಲೇ ಬಿಡಬಹುದು.

ಪರೀಕ್ಷೆಗೆ ನಿಜವಾದ ದಾಖಲೆಗಳ ಪ್ರತಿಯನ್ನು ಬಳಸಿ, ಮೂಲವನ್ನು ಮುಟ್ಟಬೇಡಿ. ಐವತ್ತು ಪುಸ್ತಕಗಳ ಪಟ್ಟಿ ಸಾಕು, ಆದರೆ ಅದರಲ್ಲಿ ತೊಡಕಿನ ದಾಖಲೆಗಳೇ ಹೆಚ್ಚಾಗಿರಲಿ: ಇಬ್ಬರು ಸಂಪಾದಕರಿರುವ ಪುಸ್ತಕ, ಹಲವು ಸಂಪುಟಗಳ ಕೃತಿ, ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಇಲ್ಲದ ಹಳೆಯ ಮುದ್ರಣ, ಉದ್ದನೆಯ ಕನ್ನಡ ಶೀರ್ಷಿಕೆ. ಸ್ಪ್ರೆಡ್‌ಶೀಟಿನಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಗ್ರಂಥಾಲಯದ ಮಾಹಿತಿ ಸದ್ದಿಲ್ಲದೆ ಕೆಡುವುದು ಹೆಚ್ಚಾಗಿ ಇಲ್ಲೇ. 2007ರ ಜನವರಿ 1ರಿಂದ ಐಎಸ್‌ಬಿಎನ್ 13 ಅಂಕಿಗಳದ್ದಾಗಿದೆ. ಅದಕ್ಕೂ ಹಿಂದಿನ ಪುಸ್ತಕಗಳ ಮೇಲೆ 10 ಅಂಕಿಗಳಿದ್ದು, ಅವುಗಳಲ್ಲಿ ಕೆಲವು ಸೊನ್ನೆಯಿಂದ ಆರಂಭವಾಗುತ್ತವೆ, ಕೆಲವು ಎಕ್ಸ್ ಅಕ್ಷರದಿಂದ ಮುಗಿಯುತ್ತವೆ. ಎಕ್ಸೆಲ್ ಅಂಕಿಗಳಷ್ಟೇ ಇರುವವನ್ನು ಲೆಕ್ಕದ ಸಂಖ್ಯೆಗಳೆಂದೇ ಭಾವಿಸಿ ಆರಂಭದ ಸೊನ್ನೆಯನ್ನು ಅಳಿಸುತ್ತದೆ, ಉದ್ದದ ಸಂಖ್ಯೆಯನ್ನು 9.78E+12 ಎಂಬಂತಹ ಘಾತರೂಪದಲ್ಲಿ ತೋರಿಸುತ್ತದೆ. ಅದೇ ಸ್ಥಿತಿಯಲ್ಲಿ ಕಡತವನ್ನು ಸಿಎಸ್‌ವಿಯಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ಪಟ್ಟಿಯಾಗಿ) ಉಳಿಸಿದರೆ ತೆರೆಯ ಮೇಲೆ ಕಂಡ ರೂಪವೇ ಕಡತಕ್ಕೆ ಹೋಗಿ, ಉಳಿದ ಅಂಕಿಗಳು ಮರಳಿ ಬಾರದಂತೆ ಕಳೆದುಹೋಗುತ್ತವೆ. ಆದ್ದರಿಂದ ಮಾಹಿತಿ ತುಂಬುವುದಕ್ಕೆ ಮೊದಲೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಬದಲಿಸಿಡಬೇಕು. ಅಂಕಿಗಳು ಹೋದ ಮೇಲೆ ಬದಲಿಸಿ ಪ್ರಯೋಜನವಿಲ್ಲ. 15ಕ್ಕಿಂತ ಹೆಚ್ಚು ಅಂಕಿಗಳಿರುವ ಬಾರ್‌ಕೋಡ್ ಬಳಸುವವರು ಇನ್ನೂ ಎಚ್ಚರದಿಂದಿರಬೇಕು, ಎಕ್ಸೆಲ್ ಹದಿನೈದರಾಚೆಯ ಅಂಕಿಗಳನ್ನು ಸೊನ್ನೆಯಾಗಿಸಿಬಿಡುತ್ತದೆ.

ಕನ್ನಡ ಶೀರ್ಷಿಕೆಗಳ ಪರೀಕ್ಷೆಯೂ ಆಗಬೇಕು. ಎಲ್ಲ ಭಾಷೆಗಳಿಗೂ ಸಾಮಾನ್ಯವಾದ ಅಕ್ಷರಸಂಕೇತ ಕ್ರಮವಾದ ಯುನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಪಟ್ಟಿಗಳು ಆನ್‌ಲೈನ್ ಸಾಧನದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ, ಅವನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ. ಪರಿವರ್ತಿಸಿದ ಪಟ್ಟಿಯನ್ನು ಯುನಿಕೋಡಿನ ಕಡತರೂಪವಾದ ಯುಟಿಎಫ್-8 ಎಂದು ಆಯ್ಕೆ ಮಾಡಿಯೇ ಉಳಿಸಿ, ನಂತರ ಒತ್ತಕ್ಷರಗಳಿರುವ ಒಂದೆರಡು ಶೀರ್ಷಿಕೆಗಳನ್ನು ಹುಡುಕಿ ನೋಡಿ.

ಸೇವೆಯೊಂದಕ್ಕೆ ಒಳಹೋಗುವ ದಿನವೇ ಹೊರಬರುವ ದಾರಿಯನ್ನು ನೋಡಿಟ್ಟುಕೊಳ್ಳುವುದು ಈ ಕ್ರಮದ ಮುಖ್ಯ ಹೆಜ್ಜೆಯೆಂದು ನಾನು ಭಾವಿಸಿದ್ದೇನೆ. ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಾಗ, ತಾವು ಓದುತ್ತಿದ್ದ ತಾಣಗಳ ಪಟ್ಟಿಯನ್ನು ಮೊದಲೇ ಇಳಿಸಿಟ್ಟುಕೊಂಡಿದ್ದವರು ಅದನ್ನು ಬೇರೊಂದು ಸೇವೆಗೆ ಒಯ್ದು ಓದು ಮುಂದುವರಿಸಿದರು. ಓಪಿಎಂಎಲ್ ಎಂಬ, ಬೇರೆ ಸೇವೆಗಳೂ ಓದಬಲ್ಲ ಮುಕ್ತ ಕಡತರೂಪ ಇದ್ದುದರಿಂದ ಅದು ಸಾಧ್ಯವಾಯಿತು. ಪಟ್ಟಿಗಳಿಗೆ ಸಿಎಸ್‌ವಿ, ಕ್ಯಾಲೆಂಡರಿಗೆ ಐಸಿಎಸ್, ಸೂಚೀಕರಣದ ದಾಖಲೆಗಳಿಗೆ ಮಾರ್ಕ್ (MARC), ಗ್ರಂಥಋಣಕ್ಕೆ ಬಿಬ್‌ಟೆಕ್ ಅಥವಾ ಆರ್‌ಐಎಸ್ ಎಂಬ ಕಡತರೂಪಗಳಲ್ಲಿ ಮಾಹಿತಿ ಹೊರತೆಗೆಯುವ ಅವಕಾಶ ಇರುವಂತೆ ನೋಡಿಕೊಳ್ಳಿ. ‘ಎಕ್ಸ್‌ಪೋರ್ಟ್’ ಗುಂಡಿ ಇದೆಯೆಂದು ನೋಡಿದರೆ ಸಾಲದು. ಐವತ್ತು ದಾಖಲೆಗಳನ್ನು ಹೊರಗೆ ತೆಗೆದು, ಬೇರೊಂದು ತಂತ್ರಾಂಶದಲ್ಲಿ ತೆರೆದು, ಟಿಪ್ಪಣಿಗಳೂ ವಿಷಯಪದಗಳೂ ಜೊತೆಗೆ ಬಂದಿವೆಯೇ ಎಂದು ಒಂದೊಂದಾಗಿ ಹೋಲಿಸಬೇಕು. ಗ್ರಂಥಋಣ ನಿರ್ವಹಿಸುವ ಜೊಟೆರೊ, ಗ್ರಂಥಾಲಯದ ಆಡಳಿತ ನಡೆಸುವ ಕೋಹಾದಂತಹ ಮುಕ್ತ ತಂತ್ರಾಂಶಗಳ ಬಗ್ಗೆ ನನಗೆ ಒಲವಿರುವುದಕ್ಕೆ ಈ ಹೊರದಾರಿಯೂ ಒಂದು ಕಾರಣ. ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯಕ್ಕಾಗಿ ತಯಾರಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದ ಕೋಹಾ, ಇಷ್ಟು ವರ್ಷಗಳ ನಂತರವೂ ನಡೆಯುತ್ತಿದೆ.

ಓದುಗರ ಹೆಸರು, ದೂರವಾಣಿ, ಅವರು ಎರವಲು ಪಡೆದ ಪುಸ್ತಕಗಳ ವಿವರ ಯಾವ ಪ್ರಯೋಗಕ್ಕೂ ಹೋಗಬಾರದು. ಯಾರು ಏನು ಓದುತ್ತಿದ್ದಾರೆ ಎಂಬುದು ಅವರ ಖಾಸಗಿ ವಿಷಯ. ಅದನ್ನು ಕಾಯುವ ಹೊಣೆ ನಮ್ಮದು. ಪರೀಕ್ಷೆಗೆ ‘ಓದುಗ 1’, ‘ಓದುಗ 2’ ಎಂದು ಬರೆದರೆ ಸಾಕು. ಸಮೀಕ್ಷೆಯ ಫಾರ್ಮ್ ತಯಾರಿಸುವಾಗಲೂ ಉತ್ತರಗಳ ಹಾಳೆ ‘ಕೊಂಡಿ ಇರುವವರೆಲ್ಲರಿಗೂ’ ತೆರೆದಿಲ್ಲ ಎಂಬುದನ್ನು, ನಿಮ್ಮ ಖಾತೆಯಿಂದ ಹೊರಬಂದು ಆ ಕೊಂಡಿಯನ್ನು ಒತ್ತಿ ಖಚಿತಪಡಿಸಿಕೊಳ್ಳಿ. ಕೃತಕ ಬುದ್ಧಿಮತ್ತೆಯ ಸಂವಾದ ಸಾಧನಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅದಲ್ಲದೆ, ಇಲ್ಲದ ಪುಸ್ತಕಗಳನ್ನೂ ಲೇಖನಗಳನ್ನೂ ಇರುವಂತೆಯೇ ಅವು ಹೆಸರಿಸುವುದುಂಟಾದ್ದರಿಂದ, ಅವು ಕೊಟ್ಟ ಪ್ರತಿ ಶೀರ್ಷಿಕೆಯನ್ನೂ ಸೂಚಿಯಲ್ಲಿ ಹುಡುಕಿ ನೋಡದೆ ಓದುಗರ ಕೈಗೆ ಕೊಡಬೇಡಿ.

ಕೆಲಸ ಮತ್ತು ಮನೆ ಒಂದನ್ನೊಂದು ಮುಟ್ಟುವುದು ಹೆಚ್ಚಾಗಿ ವೇಳಾಪಟ್ಟಿಯಲ್ಲಿ. ಎರಡಕ್ಕೂ ಒಂದೇ ಖಾತೆ ಬಳಸುವುದು ಸುಲಭವೆನಿಸಿದರೂ, ಕೆಲಸ ಬದಲಾದ ದಿನ ಕಚೇರಿಯ ಖಾತೆಯೊಂದಿಗೆ ಮನೆಯ ಫೋಟೊ, ಬಿಲ್ಲು, ಮಕ್ಕಳ ದಾಖಲೆ ಎಲ್ಲವೂ ಕೈತಪ್ಪಬಹುದು. ಆದ್ದರಿಂದ ಖಾತೆಗಳು ಎರಡೇ ಇರಲಿ, ಆದರೆ ಅವುಗಳ ಕ್ಯಾಲೆಂಡರುಗಳನ್ನು ಒಂದೇ ತೆರೆಯಲ್ಲಿ ನೋಡುವಂತೆ ಜೋಡಿಸಿಕೊಳ್ಳಿ. ಗೂಗಲ್ ಕ್ಯಾಲೆಂಡರಿನಲ್ಲಿ ಹಂಚುವಾಗ, ಬಿಡುವಿದೆಯೋ ಇಲ್ಲವೋ ಎಂಬುದನ್ನು ಮಾತ್ರ ತೋರಿಸುವ ಆಯ್ಕೆಯೂ, ಪೂರ್ಣ ವಿವರ ತೋರಿಸುವ ಆಯ್ಕೆಯೂ, ತಿದ್ದುವ ಅಧಿಕಾರ ಕೊಡುವ ಆಯ್ಕೆಯೂ ಬೇರೆ ಬೇರೆಯಾಗಿವೆ. ಸಹೋದ್ಯೋಗಿಗಳಿಗೆ ಮನೆಯ ಕ್ಯಾಲೆಂಡರಿನಿಂದ ಮೊದಲನೆಯದಷ್ಟೇ ಸಾಕು: ಗುರುವಾರ ಮಧ್ಯಾಹ್ನ ನಿಮಗೆ ಬಿಡುವಿಲ್ಲವೆಂದು ಅವರಿಗೆ ತಿಳಿಯಬೇಕೇ ಹೊರತು, ಅದು ಅಪ್ಪನ ಕಣ್ಣಿನ ತಪಾಸಣೆಗಾಗಿ ಎಂಬುದು ತಿಳಿಯಬೇಕಾಗಿಲ್ಲ. ಸಂಗಾತಿಗೆ ತಿದ್ದುವ ಅಧಿಕಾರ ಕೊಡಿ. ಕೊಡದಿದ್ದರೆ ಮನೆಯ ಎಲ್ಲ ದಿನಾಂಕಗಳನ್ನೂ ಬರೆಯುವ ಹೊರೆ ನಿಮ್ಮೊಬ್ಬರ ಮೇಲೇ ಬೀಳುತ್ತದೆ.

ಮನೆಯಲ್ಲಿ ಪರೀಕ್ಷೆಯ ಕ್ರಮ ಸ್ವಲ್ಪ ಬೇರೆ. ಅಲ್ಲಿ ಯಾರೂ ನಮ್ಮ ಸಿಬ್ಬಂದಿಯಲ್ಲ, ಆದೇಶ ನಡೆಯುವುದಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಆಸಕ್ತಿಯಿರುವವರು ನೀವು ಎದುರಿಗಿಲ್ಲದಾಗಲೂ ಬಳಸಿದರೆ ಆ ಸಾಧನ ಗೆದ್ದಂತೆ. ಹಂಚಿಕೊಂಡ ಸಾಮಾನಿನ ಪಟ್ಟಿಯಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದರ ಫಲ ಅಂಗಡಿಯಲ್ಲಿ ನಿಂತವರಿಗೆ ಕೂಡಲೇ ಕಾಣುತ್ತದೆ, ತಪ್ಪಿದರೂ ನಷ್ಟ ಸಣ್ಣದು. ಮಕ್ಕಳನ್ನು ಸೇರಿಸುವ ಮೊದಲು ಸೇವೆಯ ವಯೋಮಿತಿಯನ್ನು ಓದಿಕೊಳ್ಳಿ. ಹಿರಿಯರ ಫೋನಿನಲ್ಲಿ ಏನನ್ನಾದರೂ ಅಳವಡಿಸುವುದಿದ್ದರೆ ಅವರ ಒಪ್ಪಿಗೆ ಪಡೆದು, ಅವರ ಕೈಯಲ್ಲೇ ಮಾಡಿಸಿ. ಪಾಸ್‌ವರ್ಡುಗಳಿಗೆ ಒಂದು ಪಾಸ್‌ವರ್ಡ್ ಮ್ಯಾನೇಜರನ್ನೂ, ಮುಖ್ಯ ಖಾತೆಗಳಿಗೆ ಎರಡು ಹಂತದ ದೃಢೀಕರಣವನ್ನೂ ಬಳಸಿ, ಫೋನ್ ಕೈತಪ್ಪಿದರೆ ಖಾತೆಗೆ ಮರಳಲು ಕೊಡುವ ಮರುಪ್ರವೇಶದ ಸಂಕೇತಗಳನ್ನು ಮುದ್ರಿಸಿ ಮನೆಯ ದಾಖಲೆಗಳ ಜೊತೆ ಇಡಿ.

ಪರೀಕ್ಷೆಗೆ ಮೊದಲೇ ಕೊನೆಯ ದಿನಾಂಕ ನಿಗದಿಯಾಗಿರಲಿ. ಎರಡು ವಾರ ಸಾಕಷ್ಟು ಅವಧಿ. ಆ ದಿನ, ವಾರದ ಪಟ್ಟಿಯಲ್ಲಿ ಬರೆದಿದ್ದ ತೊಂದರೆ ನಿಜವಾಗಿ ಕಡಿಮೆಯಾಗಿದೆಯೇ ಎಂದು ನೋಡಿ. ಆಗಿಲ್ಲವಾದರೆ ಮಾಹಿತಿಯನ್ನು ಹೊರತೆಗೆದು, ಅಲ್ಲಿರುವುದನ್ನು ಅಳಿಸಿ, ಖಾತೆಯನ್ನೇ ಮುಚ್ಚಿ, ಏಕೆಂದರೆ ಫೋನಿನಿಂದ ಆ್ಯಪ್ ತೆಗೆದ ಮಾತ್ರಕ್ಕೆ ಖಾತೆ ಹೋಗುವುದಿಲ್ಲ. ಉಳಿಸಿಕೊಳ್ಳುವುದಾದರೆ ಹಳೆಯ ರಿಜಿಸ್ಟರನ್ನೋ ಚೀಟಿಯನ್ನೋ ಅಂದೇ ನಿಲ್ಲಿಸಬೇಕು. ಎರಡೂ ಜೊತೆಯಲ್ಲಿ ನಡೆದರೆ ಕೆಲಸ ಇಮ್ಮಡಿಯಾಗುತ್ತದೆ. ಖಾತೆ ಯಾರ ಹೆಸರಿನಲ್ಲಿದೆ, ನವೀಕರಣ ಯಾವಾಗ, ಮಾಹಿತಿಯ ಪ್ರತಿಯನ್ನು ತಿಂಗಳ ಯಾವ ದಿನ ಯಾರು ಇಳಿಸಿಕೊಳ್ಳುತ್ತಾರೆ ಎಂಬುದನ್ನು ಒಂದು ಪುಟದಲ್ಲಿ ಬರೆದು, ನೀವು ರಜೆಯಲ್ಲಿದ್ದಾಗಲೂ ಸಹೋದ್ಯೋಗಿಗಳಿಗೆ ಸಿಗುವ ಕಡತದಲ್ಲಿ ಇರಿಸಿ.