ಹದಿನೇಳು ಡೈಮೆನ್ಶನ್‌ನ ಸ್ಕೆಚ್ ಐದಕ್ಕೆ ಇಳಿದಿದ್ದು: ನನ್ನ ಅನುಭವ

ಕಂಪ್ಯೂಟರ್‌ನಲ್ಲಿ ಯಂತ್ರದ ಭಾಗಗಳನ್ನು ಬಿಡಿಸುವ ಫ್ರೀಕ್ಯಾಡ್ ತಂತ್ರಾಂಶದಲ್ಲಿ ಸ್ಕೆಚ್ ಹಸಿರಾದರೆ, ಅಂದರೆ ಯಾವ ಗೆರೆಯೂ ಅಲುಗದಂತೆ ನಿಂತರೆ, ಕೆಲಸ ಮುಗಿಯಿತು ಅಂತ ಮೂರ್ನಾಲ್ಕು ವರ್ಷ ನಂಬಿದ್ದೆ. ಗೆರೆ ಎಳಿ, ಅಳತೆ ಹಾಕು, ಇನ್ನೂ ಅಲುಗಾಡಿದರೆ ಲಾಕ್ ಹಾಕು. ನನಗೆ ಕೆಲಸ ಕಲಿಸಿದ ಹಿರಿಯರದ್ದೂ ಇದೇ ಪದ್ಧತಿ. "ಕನ್‌ಸ್ಟ್ರೇಂಟ್ ಜೋಡಿಸ್ತಾ ಕೂತರೆ ಡ್ರಾಯಿಂಗ್ ಕೊಡೋದು ಯಾವಾಗ?" ಅನ್ನುತ್ತಿದ್ದರು. ಕನ್‌ಸ್ಟ್ರೇಂಟ್ ಅಂದರೆ ಗೆರೆ, ಬಿಂದುಗಳು ಒಂದಕ್ಕೊಂದು ಹೇಗಿರಬೇಕು ಅನ್ನುವ ಕಟ್ಟು: ಸಮ, ಸಮಾನಾಂತರ, ಹೀಗೆ.

ಕೈ ಸುಟ್ಟಿದ್ದು ಒಂದು ಮೋಟರ್ ಪ್ಲೇಟಿನಲ್ಲಿ. ನೇಮಾ 23 (ಮೋಟರಿನ ಒಂದು ಪ್ರಮಾಣಿತ ಗಾತ್ರ) ಸ್ಟೆಪ್ಪರ್ ಮೋಟರ್, 80 ಮಿ.ಮೀ. ಅಗಲದ ಪ್ಲೇಟು, 47.14 ಪಿಚ್‌ನಲ್ಲಿ (ತೂತಿನಿಂದ ತೂತಿಗೆ ಅಂತರ) ನಾಲ್ಕು ತೂತು, ನಡುವೆ ಪೈಲಟ್ (ಮೋಟರಿನ ಮುಖದ ಉಬ್ಬಿದ ದುಂಡು ಭಾಗ) ಕೂರುವ ದೊಡ್ಡ ತೂತು. ಐದೂ ತೂತಿಗೆ ಎಡ ಅಂಚಿನಿಂದ ಒಂದು, ಕೆಳ ಅಂಚಿನಿಂದ ಒಂದು ಅಳತೆ. ವ್ಯಾಸಗಳೂ, ಪ್ಲೇಟಿನ ಅಗಲ ಎತ್ತರವೂ ಸೇರಿ ಒಟ್ಟು ಹದಿನೇಳು ಡೈಮೆನ್ಶನ್. ಗಿರಾಕಿ ಅಗಲ 86 ಬೇಕೆಂದರು. ನಾಲ್ಕು ತೂತುಗಳಿಗೆ ಎಡದಿಂದ 16.43 ಇದ್ದಲ್ಲಿ 19.43 ಹಾಕಿದೆ, 63.57 ಇದ್ದಲ್ಲಿ 66.57 ಹಾಕಿದೆ. ಪೈಲಟ್ ತೂತು ಮಾತ್ರ ಎಡದಿಂದ 40ರಲ್ಲೇ ಉಳಿಯಿತು, 43 ಆಗಬೇಕಿತ್ತು. ಸ್ಕೆಚ್ ಹಸಿರಾಗಿಯೇ ಇತ್ತು. ಮೂರು ಮಿಲಿಮೀಟರ್ ಪರದೆಯ ಮೇಲೆ ಕಣ್ಣಿಗೆ ಬೀಳಲಿಲ್ಲ.

ಹತ್ತು ಹನ್ನೆರಡು ಪ್ಲೇಟು ಲೇಸರ್‌ನಲ್ಲಿ ಕಟ್ ಆಗಿ ಬಂದವು. ಒಂದಕ್ಕೂ ಮೋಟರ್ ಕೂರಲಿಲ್ಲ. ಒಂದನ್ನು ಅರ ಹಾಕಿ ಉಜ್ಜಿ ಕೂರಿಸಿ ನೋಡಿದೆ. ಪೈಲಟ್‌ಗೆ ಹಿಡಿತವೇ ಇಲ್ಲ, ಬೆಲ್ಟ್ ಬಿಗಿ ಮಾಡಿದರೆ ಮೋಟರ್ ಜರುಗುತ್ತಿತ್ತು. ಎಲ್ಲ ಗುಜರಿಗೆ. ಶೀಟು, ಕಟಿಂಗ್, ಸಾಗಣೆ ನನ್ನ ತಲೆಗೇ ಬಂತು. ಆ ಆರ್ಡರಿನ ಲಾಭ ಪೂರ್ತಿ ಹೋಗಿ, ಕೈಯಿಂದಲೂ ಕಟ್ಟಿದೆ.

ಆಮೇಲೆ ಅದೇ ಪ್ಲೇಟನ್ನು ಮೊದಲಿಂದ ಬರೆದೆ. ಆಯತದ ಎದುರುಬದುರು ಎರಡು ಮೂಲೆಗೆ ಒರಿಜಿನ್ (ಸ್ಕೆಚ್‌ನ ಶೂನ್ಯ ಬಿಂದು) ಸುತ್ತ ಸಿಮೆಟ್ರಿಕ್, ಅಂದರೆ ಎರಡೂ ಅದರಿಂದ ಸಮದೂರದಲ್ಲಿ ಎದುರುಬದುರು. ಒಂದು ಜೋಡಿ ಮೂಲೆ ಸಾಕು, ಇನ್ನೊಂದು ಜೋಡಿಗೂ ಹಾಕಿದರೆ ರಿಡಂಡೆಂಟ್, ಅಂದರೆ ಹೆಚ್ಚುವರಿ. ಒಳಗೆ ಕನ್‌ಸ್ಟ್ರಕ್ಷನ್ ಗೆರೆಯಲ್ಲಿ (ಸಹಾಯಕ್ಕೆ ಮಾತ್ರ, ಕಟ್ ಆಗದ ಗೆರೆ) ಒಂದು ಚೌಕ, ಅದಕ್ಕೂ ಅದೇ ಸಿಮೆಟ್ರಿಕ್, ಬಾಹುಗಳಿಗೆ ಈಕ್ವಲ್. ನಾಲ್ಕು ತೂತಿನ ಕೇಂದ್ರ ಆ ಚೌಕದ ಮೂಲೆಗಳಿಗೆ, ಪೈಲಟ್ ಕೇಂದ್ರ ಒರಿಜಿನ್‌ಗೆ. ನಾಲ್ಕೂ ತೂತು ಈಕ್ವಲ್. ಇಷ್ಟಾಗುವವರೆಗೆ ಒಂದು ಸಂಖ್ಯೆಯನ್ನೂ ಮುಟ್ಟಲಿಲ್ಲ. ಕೊನೆಗೆ ಬೇಕಾಗಿದ್ದು ಐದೇ: ಅಗಲ, ಎತ್ತರ, ಪಿಚ್, ಎರಡು ವ್ಯಾಸ. ಈಗ ಅಗಲ ಎಷ್ಟೇ ಮಾಡಿ, ಪೈಲಟ್ ನಡುವಿನಲ್ಲೇ.

ಸಂಖ್ಯೆ ಹಾಕುವ ಮುಂಚೆ ಪ್ರತಿ ಬಿಂದುವನ್ನೂ ಮೌಸ್‌ನಲ್ಲಿ ಹಿಡಿದು ಎಳೆಯುತ್ತೇನೆ. ಒಂದು ತೂತು ಎಳೆದರೆ ನಾಲ್ಕೂ ಒಟ್ಟಿಗೆ ಹಿಗ್ಗಿ ಕುಗ್ಗಬೇಕು. ಒಂದೇ ಒಂದು ತಾನಾಗಿ ಓಡಿದರೆ ಅಲ್ಲೇ ತಪ್ಪಿದೆ. ಹಸಿರು ಬಣ್ಣಕ್ಕಿಂತ ಈ ಎಳೆದಾಟವನ್ನೇ ನಾನು ನಂಬುವುದು. ಫಿಲೆಟ್‌ಗಳನ್ನು (ದುಂಡಗೆ ಮಾಡಿದ ಮೂಲೆ) ಸ್ಕೆಚ್‌ನೊಳಗೆ ಹಾಕುವುದನ್ನು ಪೂರ್ತಿ ಬಿಟ್ಟಿದ್ದೇನೆ, ಸಾಲಿಡ್ ಆದ ಮೇಲೆ ಹಾಕುತ್ತೇನೆ.

ಸ್ಲಾಟ್ (ತುದಿ ದುಂಡಗಿರುವ ಉದ್ದ ತೂತು) ನನ್ನನ್ನು ಒಂದು ಇಡೀ ಸಂಜೆ ಸತಾಯಿಸಿತ್ತು. ಎರಡು ಗೆರೆ, ಎರಡು ಆರ್ಕ್ (ವೃತ್ತದ ತುಂಡು), ತುದಿಗಳು ಕೂಡಿ ನಾಲ್ಕು ಟ್ಯಾಂಜೆಂಟ್ (ಗೆರೆ ಆರ್ಕನ್ನು ನಯವಾಗಿ ಸ್ಪರ್ಶಿಸುವ ಕಟ್ಟು) ಬಿದ್ದ ಮೇಲೆ ಉಳಿಯುವುದು ಆರು ಡಿಗ್ರಿ ಫ್ರೀಡಮ್, ಅಂದರೆ ಇನ್ನೂ ಆರು ರೀತಿಯಲ್ಲಿ ಅಲುಗಬಹುದು. ಆರ್ಕ್‌ಗಳನ್ನು ಈಕ್ವಲ್ ಮಾಡಿದರೆ ಐದು. ಅದರ ಮೇಲೆ ಪ್ಯಾರಲಲ್ ಹಾಕಿದೆ, ಸಾಲ್ವರ್ (ಕಟ್ಟುಗಳ ಲೆಕ್ಕ ಹಾಕುವ ಭಾಗ) ರಿಡಂಡೆಂಟ್ ಎಂದಿತು. ಗೆರೆಗಳು ಆಗಲೇ ಪ್ಯಾರಲಲ್ ಆಗಿದ್ದವು! ಈಕ್ವಲ್ ಅಥವಾ ಪ್ಯಾರಲಲ್, ಎರಡರಲ್ಲಿ ಒಂದೇ.

ಅದೇ ಹುಮ್ಮಸ್ಸಿನಲ್ಲಿ ಸ್ಕೆಚ್‌ನಲ್ಲೇ ಫೋರ್-ಬಾರ್ ಲಿಂಕೇಜ್ (ಕೀಲಿನಿಂದ ಕೂಡಿಸಿದ ನಾಲ್ಕು ಪಟ್ಟಿಗಳ ಯಂತ್ರ) ಆಡಿಸಿದೆ. ಅಲುಗದ ನೆಲದ ಗೆರೆ 70, ತಿರುಗಿಸುವ ಕ್ರ್ಯಾಂಕ್ 20, ನಡುವೆ ಕೂಡಿಸುವ ಕಪ್ಲರ್ 60, ಆ ಕಡೆಯ ರಾಕರ್ 50. ಕ್ರ್ಯಾಂಕ್ ತುದಿ ಹಿಡಿದು ತಿರುಗಿಸಿದರೆ ಪೂರ್ತಿ ಸುತ್ತು ಬಂತು. ಕ್ರ್ಯಾಂಕ್ 45 ಮಾಡಿದೆ, ಅರ್ಧದಾರಿಯಲ್ಲೇ ಸಿಕ್ಕಿಕೊಂಡಿತು. ಗ್ರಾಶಾಫ್ ನಿಯಮದ ಲೆಕ್ಕವೇ, ಪೂರ್ತಿ ಸುತ್ತಬೇಕಾದರೆ ಅತಿ ಚಿಕ್ಕ ಮತ್ತು ಅತಿ ಉದ್ದದ ಪಟ್ಟಿಗಳ ಮೊತ್ತ ಉಳಿದೆರಡರ ಮೊತ್ತ ಮೀರಬಾರದು: 45ಕ್ಕೆ 70 ಕೂಡಿದರೆ 115, ಉಳಿದೆರಡು ಸೇರಿ 110. ಕಂಪ್ಯೂಟರ್ ಗ್ರಾಫಿಕ್ಸ್‌ನ ಆದ್ಯ ಐವನ್ ಸದರ್‌ಲ್ಯಾಂಡ್ 1963ರಲ್ಲೇ ತಮ್ಮ ಚಿತ್ರ ಬಿಡಿಸುವ ಪ್ರೋಗ್ರಾಂ ಸ್ಕೆಚ್‌ಪ್ಯಾಡ್‌ನಲ್ಲಿ ಕನ್‌ಸ್ಟ್ರೇಂಟ್ ಇಟ್ಟು ಇಂಥ ಲಿಂಕೇಜ್ ಆಡಿಸಿದ್ದರು. ನಾನು ಇದಕ್ಕೆ ರಟ್ಟು ಕತ್ತರಿಸಿ ಪಿನ್ನು ಚುಚ್ಚುತ್ತಿದ್ದೆ.

ಕಳೆದ ಸಲ ಅದೇ ಗಿರಾಕಿ ನೇಮಾ 34ಕ್ಕೆ ಪ್ಲೇಟು ಕೇಳಿದರು. ಪಿಚ್ 69.6, ಪೈಲಟ್ 73, ಉಳಿದ ಮೂರು ಸಂಖ್ಯೆ ಬದಲಿಸಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಹಿರಿಯರು ಪಕ್ಕದಲ್ಲೇ ನಿಂತು ನೋಡಿದರು. ತೂತು ಹಿಡಿದು ತಾವೇ ಎರಡು ಸಲ ಎಳೆದು ನೋಡಿ, "ಫೈಲ್ ನನಗೂ ಕಳಿಸು" ಅಂದರು.

ದೊಡ್ಡ ಅಳತೆ ಬದಲಿಸಿದಾಗ ಆರ್ಕ್ ಮಗುಚಿಕೊಳ್ಳುವ ಕಾಟ ನಿಮಗೂ ಇರುತ್ತದೆ. ಮೊದಲೇ ನಿಜ ಅಳತೆಗೆ ಹತ್ತಿರವಾಗಿ ಬರೆದರೆ ಮುಕ್ಕಾಲು ಪಾಲು ತಪ್ಪುತ್ತದೆ. ಉಳಿದ ಕಾಲು ಪಾಲಿಗೆ ನಾನು ಒಂದು ಸಹಾಯಕ ಗೆರೆ ಇಡುತ್ತೇನೆ. ಎಲ್ಲಿ ಇಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.